ಅಮ್ಮನ ದರಕಿನ (ಒಣ ಎಲೆಯ) ಹೆಡಿಗೆಯಿಂದ ಶುರು ಮಾಡಿ

ನಮಸ್ಕಾರ. ನೀವು ಶಿರಸಿಗೆ, ನಮ್ಮ ಪತ್ರಿಕೆಗೆ ಕಳಿಸಿದ ‘ಇಂದಿನ ಆರೋಗ್ಯ’ ಲೇಖನವನ್ನು ಎರಡು ಸಲ ಓದಿದೆ. ಇದ್ದ ಹಾಗೇ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಯಾಕೆ ಅಂತ ಬಿಚ್ಚಿ ಹೇಳುತ್ತೇನೆ.

ಸಕ್ಕರೆ ಕಾಯಿಲೆ, ಬಿಪಿ, ಮಂಗನ ಕಾಯಿಲೆ, ನಿದ್ದೆಗೇಡು ಎಲ್ಲವನ್ನೂ ನಾಲ್ಕು ಪುಟಕ್ಕೆ ತುಂಬಿದ್ದೀರಿ. ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನರಿಗೆ ಸಕ್ಕರೆ ಕಾಯಿಲೆ ಎಂದದ್ದು ಸರಿ, 2023ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಲೆಕ್ಕ ಅದು. ಆದರೆ ಓದುಗರು ಅದನ್ನು ಆಗಲೇ ಓದಿದ್ದಾರೆ. ಏಳು ತಾಸು ನಿದ್ದೆ ಬೇಕು ಎನ್ನುವುದೂ ಅಷ್ಟೇ.

ಮೂರನೇ ಪುಟದಲ್ಲಿ ಒಂದು ಸಾಲಿದೆ: ‘ಅಮ್ಮ ಬೆಟ್ಟದಿಂದ ದರಕು ತಂದ ವಾರಕ್ಕೆ ಜ್ವರ ಬಂತು. ಹದಿನೈದು ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ.’ ಅದನ್ನು ದಾಟಿ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ. ನೀವು ಮಾತ್ರ ಮರುಸಾಲಿಗೇ ಬಿಪಿಗೆ ಹಾರಿದ್ದೀರಿ! ಆ ರಾತ್ರಿಗಳನ್ನು ಸಿದ್ದಾಪುರದ ನಿಮ್ಮ ಮನೆಯವರಲ್ಲದೆ ಬೇರೆ ಯಾರು ಬರೆಯಬೇಕು?

ಅಮ್ಮನಿಗೆ ಬಂದ ಆ ಮಂಗನ ಕಾಯಿಲೆಯ ಬಗ್ಗೆ ಒಂದು ತಪ್ಪನ್ನು ತಿದ್ದಲೇಬೇಕು. ‘ಮಂಗ ಮುಟ್ಟಿದರೆ ಬರುತ್ತದೆ’ ಎಂದಿದ್ದೀರಿ. ಹಾಗಷ್ಟೇ ಅಲ್ಲ, ಮುಖ್ಯವಾಗಿ ರೋಗ ತರುವುದು ಉಣುಗು, ಅಂದರೆ ಕಚ್ಚಿ ರಕ್ತ ಹೀರುವ ಉಣ್ಣೆ. ಮಂಗವೂ ಈ ರೋಗದಿಂದಲೇ ಸಾಯುತ್ತದೆ. ಅದು ಸತ್ತಾಗ ಮೈಮೇಲಿನ ಉಣುಗು ಸುತ್ತಲೂ ಉದುರುತ್ತವೆ. ಅದಕ್ಕೇ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಇದನ್ನು ಖಂಡಿತ ಬರೆಯಿರಿ. ಜ್ವರ ಬಂದ ಮನೆಗೆ ಕಾಲಿಡಲು ಜನ ಸುಮ್ನೆ ಹೆದರುತ್ತಾರೆ, ಅಲ್ವಾ?

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಕಾಯಿಲೆ ಇದು. ಹಳೆಯ ಲಸಿಕೆ ನಿಂತುಹೋಗಿದೆ. ಎಲೆ ಉದುರುವ ಹೊತ್ತು, ನಾವು ದರಕು ಗುಡಿಸುವ ಹೊತ್ತು, ಮರಿ ಉಣುಗು ಜಾಸ್ತಿ ಇರುವ ಹೊತ್ತು ಮೂರೂ ಒಂದೇ. ಸೊಪ್ಪಿನಬೆಟ್ಟಕ್ಕೆ (ಸೊಪ್ಪು, ದರಕು ತರುವ ಕಾಡಿಗೆ) ಹೋಗಬೇಡಿ ಎಂದರೆ ಕೊಟ್ಟಿಗೆಗೆ ಏನು ಹಾಸುವುದು, ತೋಟಕ್ಕೆ ಗೊಬ್ಬರ ಎಲ್ಲಿಂದ ಬರಬೇಕು? ನಿಮ್ಮ ಲೇಖನದ ಜೀವ ಈ ಪ್ರಶ್ನೆಯಲ್ಲಿದೆ.

ಅಮ್ಮನನ್ನು ಕೂರಿಸಿಕೊಂಡು ಕೇಳಿ. ಅವತ್ತು ಉಣುಗು ಹತ್ತದ ಹಾಗೆ ಹಚ್ಚುವ ಡೇಪಾ ಎಣ್ಣೆ ಹಚ್ಚಿಕೊಂಡಿದ್ದರಾ? ಎಣ್ಣೆ ಮನೆಗೆ ತಲುಪಿತ್ತಾ? ಬೆಟ್ಟದಿಂದ ಬಂದವರು ಮೊದಲು ಸ್ನಾನಕ್ಕೆ ಹೋದರಾ, ಹಾಲು ಕರೆಯಲು ಹೋದರಾ? ಮೊದಲ ದಿನ ಸಾದಾ ಜ್ವರ ಎಂದುಕೊಂಡು ಏನು ಮಾಡಿದಿರಿ? ಅವರು ಹೇಳಿದ ಮಾತಿನಲ್ಲೇ ಬರೆಯಿರಿ. ಬರೆದ ಮೇಲೆ ಅವರಿಗೇ ಓದಿ ಹೇಳಿ, ಅವರು ಒಪ್ಪಿದರೆ ಮಾತ್ರ ಕಳಿಸಿ.

ನವೆಂಬರ್ 10ರೊಳಗೆ ನನ್ನ ಕೈ ಸೇರಲಿ. ಜನ ದರಕಿಗೆ ಹೊರಡುವ ಮೊದಲೇ ಅಚ್ಚಾಗಬೇಕು.