ಇಲಿಯಲ್ಲಿ ಇಳಿದ ಎಸ್‌ಜಿಪಿಟಿ ನಮ್ಮಲ್ಲೂ ಇಳಿದೀತೇ?

ಪ್ರಶ್ನೆ: ನನಗೆ 48 ವರ್ಷ, ಊರು ಶಿರಸಿ. ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಕಿಣ್ವವಾದ ಎಸ್‌ಜಿಪಿಟಿ 78ಕ್ಕೆ ಏರಿದೆ. ಪರಿಚಯದವರೊಬ್ಬರು ಮುರುಗಲು (ಕೋಕಂ) ಸಿಪ್ಪೆಯ ಸಾರದ ಕ್ಯಾಪ್ಸೂಲ್ ಕೊಟ್ಟಿದ್ದಾರೆ. ಈ ಆಂಟಿಆಕ್ಸಿಡೆಂಟ್ ಇಲಿಗಳ ಯಕೃತ್ತಿನ ಕಿಣ್ವಗಳನ್ನು ಇಳಿಸಿದೆಯೆಂದು ಜೊತೆಗಿನ ಚೀಟಿಯಲ್ಲಿದೆ. ಸೇವಿಸಬಹುದೇ?

ಉತ್ತರ: ಸದ್ಯಕ್ಕೆ ಬೇಡ. ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಆರೋಗ್ಯವಾಗಿರುವ ಇಲಿಗಳಿಗೆ ಕಾರ್ಬನ್ ಟೆಟ್ರಾಕ್ಲೋರೈಡ್‌ನಂಥ ವಿಷ ಕೊಟ್ಟು ಯಕೃತ್ತನ್ನು ಬೇಕೆಂದೇ ಕೆಡಿಸುತ್ತಾರೆ; ಆಗ ಜೀವಕೋಶಗಳು ಒಡೆದು, ಒಳಗಿರಬೇಕಾದ ಎಸ್‌ಜಿಪಿಟಿ, ಎಸ್‌ಜಿಒಟಿ ರಕ್ತಕ್ಕೆ ಸೋರುತ್ತವೆ. ಆ ವಿಷ ಯಕೃತ್ತಿನಲ್ಲಿ ಮುಕ್ತ ರಾಡಿಕಲ್ (ಜೀವಕೋಶಗಳನ್ನು ಕೆಡಿಸುವ ಅಸ್ಥಿರ ಕಣ) ಆಗಿ ಮಾರ್ಪಟ್ಟೇ ಹಾನಿ ಮಾಡುವುದರಿಂದ, ಅಂಥ ಕಣಗಳನ್ನು ತಣಿಸುವ ಆಂಟಿಆಕ್ಸಿಡೆಂಟನ್ನು ಮೊದಲೇ ಪಡೆದ ಇಲಿಗಳಲ್ಲಿ ಸೋರಿಕೆ ಕಡಿಮೆಯಾದರೆ ಆಶ್ಚರ್ಯವೇನಿಲ್ಲ. ನಿಮ್ಮಲ್ಲಿ ಕಾರಣ ಕೊಬ್ಬೋ, ಮದ್ಯವೋ, ಹೆಪಟೈಟಿಸ್ ವೈರಸ್ಸೋ, ನುಂಗುತ್ತಿರುವ ಯಾವುದೋ ಮಾತ್ರೆಯೋ ಎಂಬುದೇ ಇನ್ನೂ ತಿಳಿಯಬೇಕಿದೆ.

ಪ್ರಮಾಣವನ್ನೂ ನೋಡಬೇಕು. ಇಲಿಗೆ ಪ್ರತಿ ಕಿಲೋ ತೂಕಕ್ಕೆ 200 ಮಿಲಿಗ್ರಾಂ ಕೊಟ್ಟಿದ್ದರೆ, ದೇಹದ ಮೇಲ್ಮೈ ಲೆಕ್ಕದಲ್ಲಿ ಮನುಷ್ಯರಿಗೆ ಅದನ್ನು ಸುಮಾರು 6ರಿಂದ ಭಾಗಿಸುತ್ತಾರೆ. ಆದರೂ 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 2 ಗ್ರಾಂ ಆಗುತ್ತದೆ. ಕೊಲೆಸ್ಟ್ರಾಲ್ ಇಳಿದಿದೆ ಎಂಬ ಮಾತು ಚೀಟಿಯಲ್ಲಿದ್ದರೆ ಅದನ್ನೂ ಹಾಗೆಯೇ ನಂಬಬೇಡಿ: ಇಲಿಯ ರಕ್ತದಲ್ಲಿ ಕೊಲೆಸ್ಟ್ರಾಲಿನ ಹೆಚ್ಚು ಪಾಲು ‘ಒಳ್ಳೆಯ’ದೆನ್ನುವ ಎಚ್‌ಡಿಎಲ್‌ನಲ್ಲಿ, ನಮ್ಮಲ್ಲಿ ‘ಕೆಟ್ಟ’ದೆನ್ನುವ ಎಲ್‌ಡಿಎಲ್‌ನಲ್ಲಿ ಇರುತ್ತದೆ. ಆಂಟಿಆಕ್ಸಿಡೆಂಟ್‌ಗಳ ವಿಷಯದಲ್ಲೂ ಇಲಿ ನಮ್ಮಂತಲ್ಲ: ಅಂಥದ್ದೇ ಒಂದಾದ ವಿಟಮಿನ್ ಸಿ ಯನ್ನು ಅದು ತನ್ನ ಯಕೃತ್ತಿನಲ್ಲೇ ತಯಾರಿಸಿಕೊಳ್ಳುತ್ತದೆ, ನಮಗೆ ಆ ಶಕ್ತಿಯಿಲ್ಲ.

ನನಗೆ ಹೆಚ್ಚು ಆತಂಕವಿರುವುದು ಕ್ಯಾಪ್ಸೂಲಿನೊಳಗೆ ನಿಜಕ್ಕೂ ಏನಿದೆ ಎಂಬುದರ ಬಗ್ಗೆ. ಡಬ್ಬಿಯ ಮೇಲಿನ ಸಸ್ಯನಾಮವನ್ನು ಓದಿ. ಗಾರ್ಸೀನಿಯ ಇಂಡಿಕಾ ಎಂದಿದ್ದರೆ ಮುರುಗಲು. ಗಾರ್ಸೀನಿಯ ಕ್ಯಾಂಬೋಜಿಯಾ ಅಥವಾ ಗಮ್ಮಿ-ಗಟ್ಟಾ ಎಂದಿದ್ದರೆ ನಿಮ್ಮ ಘಟ್ಟದಲ್ಲೇ ಮಳೆಗಾಲದಲ್ಲಿ ಕೊಯ್ದು ಹೊಗೆಯಲ್ಲಿ ಒಣಗಿಸುವ ಉಪ್ಪಾಗೆ. ಅಡುಗೆಗೆ ಹಾಕುವ ಒಂದೆರಡು ಸಿಪ್ಪೆಯ ಮಾತು ಬೇರೆ, ಆದರೆ ತೂಕ ಇಳಿಸಲು ಮಾರುವ ಉಪ್ಪಾಗೆ ಸಾರ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ತೀವ್ರ ಹಾನಿಯಾದ ವರದಿಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಎಸ್‌ಜಿಪಿಟಿ ಮೊದಲೇ ಏರಿರುವಾಗ ಈ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದು ಸರಿಯಲ್ಲ.

ಮುರುಗಲು ಪಾನಕ, ಕಾರವಾರದ ಕಡೆಯ ಸೋಲಕಡಿ ಬಿಡಬೇಕಾಗಿಲ್ಲ. ಆದರೆ ಯಕೃತ್ತಿನಲ್ಲಿ ಕೊಬ್ಬಿದೆಯೆಂದಾದರೆ ಪಾನಕದ ಸಕ್ಕರೆಯೂ ಲೆಕ್ಕಕ್ಕೆ ಬರುತ್ತದೆ. ಹೊಟ್ಟೆಯ ಸ್ಕ್ಯಾನಿಂಗ್, ಸಕ್ಕರೆ ಮತ್ತು ಕೊಬ್ಬಿನ ಪ್ರಮಾಣ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿ, ಆ ಡಬ್ಬಿಯನ್ನೂ ಒಯ್ದು ನಿಮ್ಮ ವೈದ್ಯರಿಗೆ ತೋರಿಸಿ.