ಆನಿ ಅಲ್ಲ, ಅನ್ನಿ

ಪ್ರಶ್ನೆ: ಬಾದಾಮಿಯಲ್ಲಿ ಗೈಡ್ ಆಗಿದ್ದೇನೆ. ಪುಸ್ತಕ ನೋಡಿ ಇಟಾಲಿಯನ್ ಕಲಿಯುತ್ತಿದ್ದೇನೆ. ಮೊನ್ನೆ ಮೂರನೇ ಗುಹೆಯ ಮುಂದೆ ನಿಂತು, ಇಲ್ಲಿನ ಶಾಸನ 578ನೇ ಇಸವಿಯದು, ಸಾವಿರ ವರ್ಷಕ್ಕೂ ಜಾಸ್ತಿ ಹಳೆಯದು ಅನ್ನಲು ಹೋಗಿ ‘ಮಿಲ್ಲೆ ಆನಿ’ ಅಂದೆ. ಇಟಲಿಯ ಅಜ್ಜಿಯೊಬ್ಬರು ಕೆಮ್ಮಿದ ಹಾಗೆ ಮಾಡಿ ನಕ್ಕರು. ಏನು ತಪ್ಪಾಯಿತು? ಪದವನ್ನು ಎಲ್ಲಿ ಒಡೆಯಬೇಕು, ಎಲ್ಲಿ ಒತ್ತಬೇಕು?
– ಓದುಗ, ಬಾದಾಮಿ

ಉತ್ತರ: ನಮ್ಮ ಕಡೆ ಆನಿ ಅಂದರೆ ಆನೆ. ಅವರಿಗೆ ಅದು ಡಾಕ್ಟರ ಮುಂದೆ ಮಾತ್ರ ಹೇಳುವ ಹಿಂಭಾಗದ ಅಂಗ, ಅದೂ ಬಹುವಚನದಲ್ಲಿ! ವರ್ಷಗಳಿಗೆ ‘ಅನ್ನಿ’ ಅನ್ನಬೇಕು. ಎರಡು ‘ನ’ ಕಂಡರೂ ಇಂಗ್ಲಿಷ್ ಅಭ್ಯಾಸದಲ್ಲಿ ಒಂದೇ ಓದಿದ್ದೀರಿ. ಕತೆ, ಕತ್ತೆ ಬೇರೆ ಮಾಡುವ ನಾಲಿಗೆಗೆ ಇದು ಕಷ್ಟವೇನಲ್ಲ.

ಜೋಡಿ ವ್ಯಂಜನವನ್ನು ಮಧ್ಯೆ ಸೀಳಿ: ಅನ್-ನಿ, ನೊತ್-ತೆ, ಅಂದರೆ ರಾತ್ರಿ. ಬಾಗಿಲು ಪೊರ್-ತ. ಒತ್ತಕ್ಷರದ ಹಿಂದಿನದು ಗುರು ಅಂತ ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದೆವಲ್ವಾ, ಅದೇ ಲೆಕ್ಕ. ‘ಸ್’ ಮಾತ್ರ ತಕರಾರು: ನಮ್ಮ ಕಿವಿ ಪಸ್-ತ ಅಂದರೂ ಅವರು ಒಡೆಯುವುದು ಪ-ಸ್ತ. ಕನ್ನಡದಲ್ಲಿ ಬರೆದು ನೋಡಿ, ನಮ್ಮ ಲಿಪಿಯೂ ಅಲ್ಲೇ ಒಡೆಯುತ್ತದೆ.

ಇನ್ನು ದನಿಯ ಒತ್ತು. ಹೆಚ್ಚಿನ ಪದಗಳಲ್ಲಿ ಅದು ಕೊನೆಯಿಂದ ಎರಡನೆಯದಕ್ಕೆ: ರೋ-ಮ, ಮಿ-ಲಾ-ನೊ. ಕೊನೆಯದಕ್ಕೇ ಬಿದ್ದರೆ ಸ್ವರದ ತಲೆ ಮೇಲೆ ಗೀರು ಹಾಕುತ್ತಾರೆ, ಕಾಫಿಗೆ ಅನ್ನುವ ಕಫ್-ಫೆ ಅಂಥದು. ಪೇಚಾಟ ಇರುವುದು ಮೂರನೆಯದರಲ್ಲಿ. ನಾ-ಪೊ-ಲಿ, ಮೋ-ದೆ-ನ ಊರುಗಳಿಗೆ ಯಾವ ಗುರುತೂ ಇಲ್ಲ, ನಿಘಂಟು ನೋಡಿ ಬಾಯಿಪಾಠ ಮಾಡುವುದೇ ದಾರಿ. ನಾನು ಸುಮ್ನೆ ಕನ್ನಡದಲ್ಲಿ ದೀರ್ಘ ಹಾಕಿ ಬರೆದುಕೊಳ್ಳುತ್ತೇನೆ, ಏಕೆಂದರೆ ಒತ್ತು ಬಿದ್ದ ಸ್ವರದ ಮುಂದೆ, ಅದೇ ತುಂಡಿನಲ್ಲಿ, ವ್ಯಂಜನ ಇಲ್ಲದಿದ್ದರೆ ಸಾಮಾನ್ಯವಾಗಿ ಅದು ಎಳೆದು ಬರುತ್ತದೆ. ‘ಕಪಿತಾನೊ’ ಅಂದರೆ ಕ್ಯಾಪ್ಟನ್, ‘ಕಾಪಿತನೊ’ ಅಂದರೆ ಸಂಭವಿಸುತ್ತವೆ. ಅವರ ಬರಹದಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ನಮ್ಮ ದೀರ್ಘ ಬೇರೆ ಮಾಡಿ ತೋರಿಸುತ್ತದೆ.

ಕೊನೆಯಿಂದ ಎರಡನೆಯದು ವ್ಯಂಜನದಲ್ಲಿ ಮುಗಿದರೆ ಒತ್ತು ಬಹುಪಾಲು ಅಲ್ಲೇ: ಫಿ-ರೆನ್-ತ್ಸೆ. ತಪ್ಪಿಸಿಕೊಂಡ ಒಂದೆರಡರಲ್ಲಿ ನಿಮಗೆ ಬೇಕಾದದ್ದೂ ಒಂದಿದೆ: ಮನ್-ದೊರ್-ಲ. ಒತ್ತು ಮೊದಲ ‘ಮನ್’ ಮೇಲೆ, ಅರ್ಥ ಬಾದಾಮಿ. ತಿನ್ನುವ ಬಾದಾಮಿ ಮಾರಾಯ್ರೆ, ಊರಿನ ಹೆಸರನ್ನು ಹಾಗೆ ಅನುವಾದ ಮಾಡಿ ಅಜ್ಜಿಯನ್ನು ಮತ್ತೆ ನಗಿಸಬೇಡಿ.