ವಾರವಿಡೀ ಆಫೀಸಿಗೆ, ಭಾನುವಾರ ಆಟೊಕ್ರಾಸ್‌ಗೆ: ಒಂದೇ ಸೆಟ್ ಟೈರ್ ಸಾಕೇ?

ಪ್ರಶ್ನೆ: ನನ್ನದು ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್. ದಿನಾ ಕೆಲಸಕ್ಕೆ ಹೋಗಿಬರುವುದು ಇದರಲ್ಲೇ. ಆರು ತಿಂಗಳಿಂದ ಆಟೊಕ್ರಾಸ್ (ಮೈದಾನದಲ್ಲಿ ಕೋನ್‌ಗಳ ನಡುವೆ ಗಡಿಯಾರದ ವಿರುದ್ಧ ಓಡಿಸುವ ಸ್ಪರ್ಧೆ) ಓಡಿಸುತ್ತಿದ್ದೇನೆ, ವರ್ಷಕ್ಕೊಂದೆರಡು ಟ್ರ್ಯಾಕ್ ಡೇಗೂ (ರೇಸ್ ಟ್ರ್ಯಾಕ್‌ನಲ್ಲಿ ಸ್ವಂತ ಕಾರು ಓಡಿಸುವ ದಿನ) ಹೋಗುವ ಆಸೆ. ಈಗಿರುವ ಟೈರ್‌ಗಳು ಬೋಳಾಗಿವೆ. ಟ್ರೆಡ್‌ವೇರ್ (ಟೈರ್ ಸವೆತದ ಅಂಕ) 200ರದ್ದು, ಅದೂ ಸ್ವಲ್ಪ ಅಗಲದ್ದು ಹಾಕಿಸು ಎನ್ನುತ್ತಾರೆ ಗೆಳೆಯರು. ಮಳೆಯಲ್ಲಿ ಹೇಗೋ ಎಂಬ ಭಯ ನನಗೆ. ಏನು ಮಾಡಲಿ?

ಉತ್ತರ: ಗೆಳೆಯರು ಹೇಳಿದ್ದು ಸುಳ್ಳಲ್ಲ, ನಿಮ್ಮ ಭಯವೂ ಸುಳ್ಳಲ್ಲ. ಒಂದೇ ಸೆಟ್‌ನಲ್ಲಿ ಎರಡೂ ಕೆಲಸ ಆಗಬೇಕೆಂದರೆ ಈ ಸಲ 200 ಬೇಡ. 300ರ ಆಸುಪಾಸಿನ ಒಳ್ಳೆಯ ಸಮ್ಮರ್ ಟೈರ್ (ಹಿಮಕ್ಕಲ್ಲದ, ಒಣ ಮತ್ತು ಒದ್ದೆ ರಸ್ತೆ ಎರಡಕ್ಕೂ ಆಗುವಂಥದ್ದು) ಹಾಕಿಸಿ.

ಟ್ರೆಡ್‌ವೇರ್ ಸವೆತದ ಅಂಕ, ಹಿಡಿತದ ಅಂಕವಲ್ಲ; ಅಂಕ ಹೆಚ್ಚಿದ್ದರೆ ಸವೆತ ನಿಧಾನ. 100 ಅಂಕದ ಒಂದು ಮಾದರಿ ಟೈರ್‌ಗೆ ಹೋಲಿಸಿ ಆಯಾ ಕಂಪನಿಯೇ ಅದನ್ನು ಕೊಟ್ಟುಕೊಳ್ಳುತ್ತದೆ. ಹಾಗಾಗಿ ಒಬ್ಬರ 200, ಇನ್ನೊಬ್ಬರ 200 ಒಂದೇ ಅಲ್ಲ. ಹಲವು ಸ್ಪರ್ಧೆಗಳ ಸ್ಟ್ರೀಟ್ ವರ್ಗದಲ್ಲಿ (ರಸ್ತೆಯ ಕಾರುಗಳ ವಿಭಾಗ) 200ಕ್ಕಿಂತ ಕೆಳಗಿನದಕ್ಕೆ ಅವಕಾಶವಿಲ್ಲದ ಕಾರಣ, ಆ ಅಂಕಕ್ಕೆಂದೇ ಟೈರ್‌ಗಳು ತಯಾರಾಗುತ್ತವೆ. ಮೆತ್ತನೆಯ ರಬ್ಬರ್, ಟ್ರೆಡ್‌ನಲ್ಲಿ (ರಸ್ತೆಗೆ ತಾಗುವ ಮೇಲ್ಮೈ) ದೊಡ್ಡ ದೊಡ್ಡ ರಬ್ಬರ್ ಬ್ಲಾಕ್, ನೀರು ಹೊರಹೋಗಲು ಕಡಿಮೆ ಗೀರು. ಒಣ ಡಾಂಬರಿನ ಮೇಲೆ ಅವುಗಳ ಹಿಡಿತ ಅದ್ಭುತ. ನಿಂತ ನೀರಿಗೆ ಸಿಕ್ಕರೆ ತೇಲುತ್ತವೆ, ಅರ್ಧ ಸವೆದ ಮೇಲಂತೂ ನಂಬುವಂತಿಲ್ಲ. ನನ್ನ ಮೊದಲ ವರ್ಷದಲ್ಲಿ ಅಂಥ ಟೈರ್‌ನಲ್ಲೇ ಸ್ಪರ್ಧೆ ಮುಗಿಸಿ ಮಳೆಯಲ್ಲಿ ಮನೆಗೆ ಹೊರಟಿದ್ದೆ. ಸಾಧಾರಣ ತಿರುವೊಂದರಲ್ಲಿ ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೋಯಿತು. ಎದುರಿಗೆ ವಾಹನವಿಲ್ಲದ್ದರಿಂದ ಉಳಿದೆ.

ನೀವಿನ್ನೂ ಹೊಸಬರು ಎಂಬುದೂ ಮುಖ್ಯ. 300ರ ಟೈರ್ ಜಾರುವ ಮೊದಲೇ ಕಿರುಚಲು ಶುರುಮಾಡುತ್ತದೆ, ಮೆಲ್ಲಗೆ ಹಿಡಿತ ಬಿಡುತ್ತದೆ. ತಪ್ಪು ಎಲ್ಲಾಯಿತೆಂದು ನಿಮಗೇ ಕೇಳಿಸುತ್ತದೆ. ಹಿಡಿತ ಹೆಚ್ಚಿದಷ್ಟೂ ತಪ್ಪುಗಳು ಮುಚ್ಚಿಹೋಗುತ್ತವೆ.

ಆಟೊಕ್ರಾಸ್‌ಗೂ ಟ್ರ್ಯಾಕ್‌ಗೂ ಬೇಕಾದ್ದು ಬೇರೆ ಬೇರೆ. ಆಟೊಕ್ರಾಸ್ ಓಟ ಸುಮಾರು ಒಂದು ನಿಮಿಷದ್ದು, ಟೈರ್ ತಣ್ಣಗಿರುವಾಗಲೇ ಹಿಡಿಯಬೇಕು. ಟ್ರ್ಯಾಕ್‌ನಲ್ಲಿ 20 ನಿಮಿಷ ಸತತವಾಗಿ ಓಡಿಸಿದರೆ ಬಿಸಿ ತಡೆಯುವುದೇ ದೊಡ್ಡ ಪರೀಕ್ಷೆ. ಹೊಚ್ಚಹೊಸ ಟೈರ್‌ನ ಎತ್ತರದ ಬ್ಲಾಕ್‌ಗಳು ಅತ್ತಿತ್ತ ಬಾಗಿ ಬೇಗ ಕಾಯುತ್ತವೆ, ಅಂಚು ಕಿತ್ತು ಬರುವುದೂ ಉಂಟು. ಕೆಲವು ವಾರ ರಸ್ತೆಯಲ್ಲಿ ಓಡಿಸಿ ಆಮೇಲೆ ಟ್ರ್ಯಾಕ್‌ಗೆ ಇಳಿಸಿ. ನಡುನಡುವೆ ಒಂದೊಂದು ಸುತ್ತು ನಿಧಾನವಾಗಿ ಹಾಕಿ.

ಅಗಲದ ವಿಷಯಕ್ಕೆ ನಿಮ್ಮ ರಿಮ್ಮೇ ಉತ್ತರ ಹೇಳುತ್ತದೆ. ಕಿರಿದಾದ ರಿಮ್‌ಗೆ ಅಗಲದ ಟೈರ್ ಹಾಕಿದರೆ ಸೈಡ್‌ವಾಲ್ (ಟೈರ್‌ನ ಪಕ್ಕದ ಗೋಡೆ) ಉಬ್ಬಿ, ತಿರುವಿನಲ್ಲಿ ಮಡಚಿಕೊಳ್ಳುತ್ತದೆ. ಟೈರ್ ಕಂಪನಿ ಹೇಳುವ ರಿಮ್ ಅಳತೆಯೊಳಗಿದ್ದರೆ ಮಾತ್ರ ಒಂದು ಸೈಜ್ ಏರಿ. ಲೋಡ್ ಇಂಡೆಕ್ಸ್ (ಟೈರ್ ಹೊರಬಲ್ಲ ಭಾರದ ಅಂಕ) ಮೂಲ ಟೈರಿಗಿಂತ ಕಡಿಮೆಯಾಗಬಾರದು. ನಾಲ್ಕೂ ಒಂದೇ ಮಾದರಿಯವಿರಲಿ. ಮುಂದೆ ಮಾತ್ರ ಅಂಟುವ ಟೈರ್ ಹಾಕಿದರೆ ತಿರುವಿನಲ್ಲಿ ಹಿಂಭಾಗ ತಿರುಗಿಕೊಳ್ಳುತ್ತದೆ. ಟೈರ್ ಯಾವಾಗ ತಯಾರಾಯಿತೆಂದು ತಿಳಿಯಲು ಸೈಡ್‌ವಾಲ್ ಮೇಲಿನ ನಾಲ್ಕಂಕಿಯನ್ನೂ ನೋಡಿ: 2324 ಎಂದಿದ್ದರೆ 2024ರ 23ನೇ ವಾರದ್ದು.

ಇನ್ನು ಗಾಳಿ. ಓಟದ ಸಮಯವನ್ನು ನೀವು ಹೆಚ್ಚಾಗಿ ಉಳಿಸಬಹುದಾದದ್ದು ಇಲ್ಲೇ. ಸೀಮೆಸುಣ್ಣ ತಂದು ಮುಂದಿನ ಟೈರ್‌ಗಳ ಹೊರ ಅಂಚಿನ ಮೇಲೆ, ಟ್ರೆಡ್‌ನಿಂದ ಸೈಡ್‌ವಾಲ್‌ವರೆಗೆ ದಪ್ಪ ಗೆರೆ ಎಳೆಯಿರಿ. ಒಂದು ಓಟ ಮುಗಿಸಿ ಬಗ್ಗಿ ನೋಡಿ. ಸುಣ್ಣ ಸೈಡ್‌ವಾಲ್‌ವರೆಗೂ ಅಳಿಸಿದ್ದರೆ ಟೈರ್ ಮಗುಚುತ್ತಿದೆ, ಗಾಳಿಯ ಒತ್ತಡ ಎರಡು ಪಿಎಸ್‌ಐ ಏರಿಸಿ. ಅಂಚಿನವರೆಗೂ ಅಳಿಸದೆ ಉಳಿದಿದ್ದರೆ ಗಾಳಿ ಹೆಚ್ಚಾಗಿದೆ. ಟ್ರ್ಯಾಕ್‌ನಲ್ಲಿ ಟೈರ್ ಕಾದು ಒತ್ತಡ ಏರುತ್ತದೆ, ಆಗ ಗಾಳಿ ಬಿಡಬೇಕಾಗುತ್ತದೆ. ಮನೆಗೆ ಹೊರಡುವ ಮುನ್ನ ಟೈರ್ ತಣ್ಣಗಾದ ಮೇಲೆ ಮತ್ತೆ ತುಂಬಿಸುವುದನ್ನು ದಯವಿಟ್ಟು ಮರೆಯಬೇಡಿ.

ಒಂದು ಸೀಸನ್ ಹೀಗೆ ಓಡಿಸಿ. ಆಮೇಲೂ ಟೈರ್ ಸಾಲದು ಎನಿಸಿದರೆ, ಇನ್ನೊಂದು ಸೆಟ್ ರಿಮ್‌ಗೆ 200 ಹಾಕಿಸಿ, ಮೈದಾನದಲ್ಲೇ ಬದಲಿಸಿಕೊಳ್ಳಿ. ಬದಲಿಸಿದ ಮೇಲೆ ಟಾರ್ಕ್ ರೆಂಚ್‌ನಿಂದ (ಎಷ್ಟು ಬಿಗಿ ಎಂದು ಅಳೆಯುವ ಸ್ಪ್ಯಾನರ್) ಚಕ್ರದ ನಟ್ ಬಿಗಿಮಾಡಿ, ಮೊದಲ ಓಟದ ನಂತರ ಇನ್ನೊಮ್ಮೆ ನೋಡಿಕೊಳ್ಳಿ.